ಮೂಗಿನ ಕೊಳವೆ: ಕರುಳಿಗೆ ಕಾವಲೋ, ಕಾಟವೋ?

ಕರುಳಿನ ಶಸ್ತ್ರಚಿಕಿತ್ಸೆ ನಡೆದ ಮರುದಿನ ಬೆಳಿಗ್ಗೆ ಯಾವುದೇ ಜಿಲ್ಲಾ ಆಸ್ಪತ್ರೆಯ ಸರ್ಜಿಕಲ್ ವಾರ್ಡಿಗೆ ಹೋದರೂ ಕಾಣಸಿಗುವ ದೃಶ್ಯವಿದು. ಅಪೆಂಡಿಕ್ಸ್ ಒಡೆದು ಹೊಟ್ಟೆಯ ತುಂಬ ಕೀವು ಹರಡಿದ್ದ ಹುಡುಗನೊಬ್ಬ ಮಂಚದ ಮೇಲೆ ಮಲಗಿದ್ದಾನೆ. ಪಿಯುಸಿ ವಿದ್ಯಾರ್ಥಿ. ‘ಪರೀಕ್ಷೆಯ ಭಯಕ್ಕೆ ಹೊಟ್ಟೆನೋವು’ ಎಂದುಕೊಂಡು ಮನೆಯವರು ಎರಡು ದಿನ ಓಮದ ಕಷಾಯ ಕುಡಿಸಿ ಕಳೆದಿದ್ದಾರೆ. ಈಗ ಅವನ ಮೂಗಿನ ಒಂದು ಹೊಳ್ಳೆಯಿಂದ ಹೊರಬಂದ ಕೊಳವೆ ಕೆನ್ನೆಯ ಮೇಲೆ ಪ್ಲಾಸ್ಟರಿನಿಂದ ಅಂಟಿಕೊಂಡು, ಮಂಚದ ಪಕ್ಕದ ಚೀಲಕ್ಕೆ ಇಳಿದಿದೆ. ಚೀಲದಲ್ಲಿ ಹಸಿರು ಬಣ್ಣದ ನೀರು.

ಹೊಟ್ಟೆಯ ಹೊಲಿಗೆಗಿಂತ ಈ ಕೊಳವೆಯೇ ಅವನಿಗೆ ದೊಡ್ಡ ಹಿಂಸೆ. ಉಗುಳು ನುಂಗಿದರೆ ಗಂಟಲಲ್ಲಿ ಚುಚ್ಚುತ್ತದೆ. ಬಾಯಿ ಒಣಗಿ ನಾಲಿಗೆ ಮರದ ತುಂಡಿನಂತಾಗಿದೆ. ‘ಅಮ್ಮಾ, ಇದನ್ನ ತೆಗೆಯೋಕೆ ಹೇಳು’ ಎಂದು ಸನ್ನೆ ಮಾಡುತ್ತಾನೆ. ತಾಯಿ ಸಿಸ್ಟರ್ ಕಡೆ ನೋಡುತ್ತಾಳೆ. ‘ಗ್ಯಾಸ್ ಹೋಗ್ಲಿ ಅಮ್ಮಾ, ಆಮೇಲೆ ಡಾಕ್ಟ್ರು ತೆಗೀತಾರೆ’ ಎಂಬ ಉತ್ತರ ಬರುತ್ತದೆ. ಗ್ಯಾಸ್ ಹೋಗುವುದಕ್ಕೂ ಮೂಗಿನ ಕೊಳವೆಗೂ ಏನು ಸಂಬಂಧ ಎಂದು ಆ ತಾಯಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಹೇಳಬೇಕಾದ ವಿಷಯ ಅದು. ಏಕೆಂದರೆ ಈ ಕೊಳವೆ ಎಷ್ಟೋ ಜೀವಗಳನ್ನು ಉಳಿಸಿದೆ. ಅದೇ ಕೊಳವೆ, ಎಚ್ಚರ ತಪ್ಪಿದಾಗ, ಹೊಸ ತೊಂದರೆಗಳನ್ನೂ ತಂದಿದೆ. ಎಲ್ಲರಿಗೂ ಅದು ಬೇಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯಲೋಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು.

ಕರುಳು ಮುಷ್ಕರ ಹೂಡಿದಾಗ

ನಮ್ಮ ಕರುಳು ಸುಮ್ಮನೆ ಬಿದ್ದಿರುವ ಪೈಪಲ್ಲ. ಅದರ ಗೋಡೆಯ ಸ್ನಾಯುಗಳು ಅಲೆಅಲೆಯಾಗಿ ಸಂಕುಚಿಸಿ ಒಳಗಿನದನ್ನು ಮುಂದೆ ದೂಡುತ್ತಲೇ ಇರುತ್ತವೆ. ಉಗುಳು, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನದೇ ರಸ ಎಲ್ಲ ಸೇರಿ ದಿನಕ್ಕೆ ಸುಮಾರು 7 ಲೀಟರ್ ದ್ರವ ಈ ನಾಳಕ್ಕೆ ಸುರಿಯುತ್ತದೆ. ನಾವು ತಿಂದು ಕುಡಿಯುವ 2 ಲೀಟರ್ ಸೇರಿದರೆ 9 ಲೀಟರ್. ಇಷ್ಟರಲ್ಲಿ ಮಲದ ಜೊತೆ ಹೊರಹೋಗುವ ನೀರು ಒಂದು ಸಣ್ಣ ಲೋಟದಷ್ಟು ಮಾತ್ರ. ಉಳಿದುದೆಲ್ಲ ಕರುಳಿನಲ್ಲೇ ಹೀರಲ್ಪಟ್ಟು ರಕ್ತಕ್ಕೆ ಮರಳುತ್ತದೆ.

ಹೊಟ್ಟೆ ತೆರೆದು ಕರುಳನ್ನು ಕೈಯಿಂದ ಮುಟ್ಟಿ, ಕತ್ತರಿಸಿ, ಹೊಲಿದಾಗ ಅದು ಮುನಿಸಿಕೊಂಡು ಕೆಲಸ ನಿಲ್ಲಿಸುತ್ತದೆ. ಅರಿವಳಿಕೆ, ನೋವು ನಿವಾರಣೆಗೆ ಕೊಡುವ ಮಾರ್ಫಿನ್‌ನಂಥ ಔಷಧಿಗಳು, ಹೊಟ್ಟೆಯೊಳಗಿನ ಕೀವು ಇವೆಲ್ಲ ಈ ಮುಷ್ಕರವನ್ನು ಉದ್ದ ಮಾಡುತ್ತವೆ. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ ಎಚ್ಚೆತ್ತುಕೊಳ್ಳುತ್ತದೆ. ಜಠರಕ್ಕೆ ಒಂದೆರಡು ದಿನ ಬೇಕು. ಎಲ್ಲಕ್ಕಿಂತ ಸೋಮಾರಿ ದೊಡ್ಡ ಕರುಳು. ಅದಕ್ಕೆ ಎರಡರಿಂದ ಮೂರು ದಿನ ಬೇಕಾಗುತ್ತದೆ. ಅದು ಎದ್ದಿತೆಂಬುದಕ್ಕೆ ಸಾಕ್ಷಿಯೇ ರೋಗಿ ಗಾಳಿ ಬಿಡುವುದು. ತರಗತಿಯಲ್ಲಿ ನಗೆಗೆ ಕಾರಣವಾಗುವ ಆ ಸದ್ದು ಸರ್ಜಿಕಲ್ ವಾರ್ಡಿನಲ್ಲಿ ಶುಭಸಮಾಚಾರ.

ಮುಷ್ಕರದ ಕಾಲದಲ್ಲೂ ರಸಗಳು ಸುರಿಯುವುದು ನಿಲ್ಲುವುದಿಲ್ಲ. ರೋಗಿ ನುಂಗುವ ಗಾಳಿಯೂ ಒಳಗೆ ಸೇರುತ್ತಲೇ ಇರುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಎಲ್ಲವೂ ತುಂಬಿಕೊಂಡು ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ. ಅರೆಪ್ರಜ್ಞೆಯಲ್ಲಿರುವ ರೋಗಿಯ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಮೂಗಿನಿಂದ ಜಠರಕ್ಕೆ ಇಳಿಬಿಟ್ಟ ಕೊಳವೆ ಈ ಗಾಳಿ, ನೀರುಗಳನ್ನು ಹೊರತೆಗೆಯುತ್ತದೆ. ಅದರ ಉದ್ದೇಶ ಇಷ್ಟೇ.

ಹಾವುಮೀನಿನ ಚರ್ಮದಿಂದ ಪ್ಲಾಸ್ಟಿಕ್‌ವರೆಗೆ

ಹೊಟ್ಟೆಗೆ ಕೊಳವೆ ಇಳಿಸುವ ಯೋಚನೆ ಹಳೆಯದು. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಜಾನ್ ಹಂಟರ್, 1790ರಲ್ಲಿ ನುಂಗುವ ಶಕ್ತಿ ಕಳೆದುಕೊಂಡಿದ್ದ ರೋಗಿಗೆ ಹಾವುಮೀನಿನ ಚರ್ಮದಿಂದ ಮಾಡಿದ ಕೊಳವೆಯ ಮೂಲಕ ಆಹಾರ ಕೊಡಿಸಿದ್ದ. ಚರ್ಮ ಮಡಚಿಕೊಳ್ಳದಂತೆ ಒಳಗೆ ಬಾಗುವ ಕಡ್ಡಿಯ ಆಸರೆ ಇತ್ತು.

ಇಂದು ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ವೈದ್ಯರಿಂದ ಹಿಡಿದು ಆಯಾವರೆಗೆ ಎಲ್ಲರೂ ‘ರೈಲ್ಸ್ ಟ್ಯೂಬ್’ ಎಂದೇ ಕರೆಯುವ ಕೊಳವೆಗೆ ಆ ಹೆಸರು ಬಂದದ್ದು ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅವರಿಂದ. 1921ರಲ್ಲಿ ಅವರು ಇದನ್ನು ಬಳಕೆಗೆ ತಂದದ್ದು ಶಸ್ತ್ರಚಿಕಿತ್ಸೆಗಾಗಿ ಅಲ್ಲ. ರೋಗಿಗೆ ಗಂಜಿ ಕುಡಿಸಿ, ಆಗಾಗ ಜಠರರಸದ ಸ್ವಲ್ಪ ಮಾದರಿ ಹೊರತೆಗೆದು ಆಮ್ಲದ ಪ್ರಮಾಣ ಅಳೆಯುವುದು ಅವರ ಗುರಿ. ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ವೈದ್ಯ ಅಬ್ರಹಾಂ ಲೆವಿನ್ ಮೂಗಿನಿಂದ ಇಳಿಸುವ ತಮ್ಮ ಕೊಳವೆಯನ್ನು ಪರಿಚಯಿಸಿದರು.

ರೈಲ್ಸ್ ಟ್ಯೂಬ್ ಸುಮಾರು 105 ಸೆಂಟಿಮೀಟರ್ ಉದ್ದವಿರುತ್ತದೆ. ತುದಿಯಲ್ಲಿ ಭಾರಕ್ಕಾಗಿ ಸಣ್ಣ ಲೋಹದ ಗುಂಡುಗಳು, ಪಕ್ಕದಲ್ಲಿ ತೂತುಗಳು, ಮೈಮೇಲೆ ಎಷ್ಟು ಒಳಗೆ ಹೋಗಿದೆ ಎಂದು ತಿಳಿಯಲು ಗುರುತುಗಳು. ಇದರ ದಪ್ಪವನ್ನು ‘ಫ್ರೆಂಚ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರರಲ್ಲೊಂದು ಭಾಗ. ವಯಸ್ಕರಿಗೆ ಹಾಕುವ 16 ಫ್ರೆಂಚ್ ಕೊಳವೆಯ ಹೊರವ್ಯಾಸ 5 ಮಿಲಿಮೀಟರಿಗಿಂತ ತುಸು ಹೆಚ್ಚು. ಎಷ್ಟು ಉದ್ದ ಇಳಿಸಬೇಕೆಂಬುದಕ್ಕೆ ಲೆಕ್ಕ ಸುಲಭ: ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಗೂಡಿನ ನಡುವಿನ ಎಲುಬಿನ ಕೆಳತುದಿಗೆ ಅಳತೆ ಹಿಡಿಯುವುದು.

ಬಾಟಲಿಗಳ ಪವಾಡ

ಕೊಳವೆಯನ್ನು ಜೀವರಕ್ಷಕವನ್ನಾಗಿ ಮಾಡಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಓವೆನ್ ವಾಂಗನ್‌ಸ್ಟೀನ್. ನಾರ್ವೆಯಿಂದ ವಲಸೆ ಬಂದ ರೈತ ಕುಟುಂಬದಲ್ಲಿ 1898ರಲ್ಲಿ ಹುಟ್ಟಿದ ಇವರು 1930ರಿಂದ 1967ರವರೆಗೆ ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದರು.

ಆ ಕಾಲದಲ್ಲಿ ಕರುಳು ಕಟ್ಟಿಕೊಂಡರೆ ಬದುಕುಳಿಯುವುದು ಕಷ್ಟವಿತ್ತು. ಉಬ್ಬಿದ ಹೊಟ್ಟೆಯನ್ನು ತೆರೆದರೂ ರೋಗಿ ಸಾಯುತ್ತಿದ್ದ, ತೆರೆಯದಿದ್ದರೂ ಸಾಯುತ್ತಿದ್ದ. 1930ರ ದಶಕದ ಆರಂಭದಲ್ಲಿ ವಾಂಗನ್‌ಸ್ಟೀನ್ ಮೂಗಿನ ಕೊಳವೆಗೆ ಬಾಟಲಿಗಳ ಸರಳ ಸಾಧನವೊಂದನ್ನು ಜೋಡಿಸಿದರು. ಎತ್ತರದಲ್ಲಿಟ್ಟ ಬಾಟಲಿಯ ನೀರು ಕೆಳಗಿನ ಬಾಟಲಿಗೆ ಇಳಿಯುತ್ತ ಹೋದಂತೆ ಮೇಲಿನ ಬಾಟಲಿಯಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ. ಆ ಕುಸಿತವೇ ಹೊಟ್ಟೆಯೊಳಗಿನ ಗಾಳಿ, ನೀರನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ. ವಿದ್ಯುತ್ತಿನ ಗೊಡವೆಯಿಲ್ಲ, ಪಂಪಿನ ಗೊಡವೆಯಿಲ್ಲ. ಹೈಸ್ಕೂಲಿನ ಭೌತಶಾಸ್ತ್ರವೇ ಸಾಕು.

ಉಬ್ಬುವಿಕೆ ಏಕೆ ಅಷ್ಟು ಅಪಾಯಕಾರಿ ಎಂಬುದಕ್ಕೂ ಭೌತಶಾಸ್ತ್ರದಲ್ಲೇ ಉತ್ತರವಿದೆ. ಕೊಳವೆಯಾಕಾರದ ಚೀಲದ ಗೋಡೆಯ ಮೇಲಿನ ಎಳೆತವು ಒಳಗಿನ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟಿರುತ್ತದೆ. ಅಂದರೆ ಕರುಳು ಅಗಲವಾದಷ್ಟೂ ಗೋಡೆ ಹೆಚ್ಚು ಹಿಗ್ಗಿ, ಅದಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ದೊಡ್ಡ ಕರುಳು ಕಟ್ಟಿಕೊಂಡಾಗ ಅದರ ಅತ್ಯಂತ ಅಗಲವಾದ ಆರಂಭದ ಭಾಗವೇ ಮೊದಲು ಒಡೆಯುವ ಭೀತಿ ಇರುವುದು ಇದರಿಂದಾಗಿಯೇ.

ಈ ಉಬ್ಬರಕ್ಕೆ ಕಾರಣವಾದ ಗಾಳಿ ಎಲ್ಲಿಂದ ಬಂತು? ವಾಂಗನ್‌ಸ್ಟೀನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಪ್ರಯೋಗಗಳು ನುಂಗಿದ ಗಾಳಿ ಕರುಳಿಗೆ ಇಳಿಯದಂತೆ ತಡೆದರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿದವು. ಉಬ್ಬರಕ್ಕೆ ಮುಖ್ಯ ಕಾರಣ ನುಂಗಿದ ಗಾಳಿಯೇ ಎಂದು ಅವು ತೋರಿಸಿದವು. ವಾಂಗನ್‌ಸ್ಟೀನರ ಸಾಧನ ಎಷ್ಟು ಜನಪ್ರಿಯವಾಯಿತೆಂದರೆ, ಅಮೆರಿಕದ ವಿನೋದಕವಿ ಆಗ್ಡೆನ್ ನ್ಯಾಶ್ ಅದರ ಹೊಗಳಿಕೆಗೆ ಪದ್ಯವನ್ನೇ ಬರೆದ.

ಯಶಸ್ಸು ಕಂಡ ಮದ್ದನ್ನು ಎಲ್ಲರಿಗೂ ಹಂಚುವುದು ಮನುಷ್ಯ ಸ್ವಭಾವ. ಕರುಳು ಕಟ್ಟಿಕೊಂಡವರನ್ನು ಉಳಿಸಿದ ಕೊಳವೆ, ಕಟ್ಟಿಕೊಳ್ಳದವರಿಗೂ ‘ಮುಂಜಾಗ್ರತೆಗೆ ಇರಲಿ’ ಎಂದು ಬಂತು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಕೊಳವೆ ಇರಲೇಬೇಕು, ಗಾಳಿ ಹೋಗುವವರೆಗೂ ತೆಗೆಯಬಾರದು ಎಂಬುದು ಕಟ್ಟಳೆಯಾಯಿತು.

ಕೊಳವೆ ಕೊಡುವ ತೊಂದರೆಗಳು

ಈ ಕೊಳವೆಯ ಸಣ್ಣ ತೊಂದರೆಗಳು ರೋಗಿಗೆ ಚೆನ್ನಾಗಿ ಗೊತ್ತು: ಗಂಟಲು ನೋವು, ಮೂಗಿನಲ್ಲಿ ರಕ್ತ, ನಿದ್ದೆಗೇಡು. ಪ್ಲಾಸ್ಟರನ್ನು ಬಿಗಿಯಾಗಿ ಮೇಲಕ್ಕೆಳೆದು ಅಂಟಿಸಿದರೆ ಹೊಳ್ಳೆಯ ಅಂಚಿನ ಮೇಲೆ ಒತ್ತಡ ಬಿದ್ದು ಹುಣ್ಣಾಗುತ್ತದೆ. ಸೈನಸ್‌ಗಳ ಬಾಯಿ ಮುಚ್ಚಿ ಅಲ್ಲಿ ಸೋಂಕು ಸೇರಬಹುದು. ಬಾಯಿ ಒಣಗಿ ಕೊಳೆಯಾದರೆ ಕೆನ್ನೆಯ ಪಕ್ಕದ ಲಾಲಾಗ್ರಂಥಿ ಊದಿಕೊಳ್ಳಬಹುದು. ದಿನಗಟ್ಟಲೆ ಉಳಿದ ಗಡಸು ಕೊಳವೆ ಅನ್ನನಾಳದ ಒಳಪದರವನ್ನು ಉಜ್ಜಿ ಹುಣ್ಣು ಮಾಡುತ್ತದೆ. ಅಪರೂಪಕ್ಕೆ ಗಂಟಲಿನ ಹಿಂಭಾಗದಲ್ಲಿ ಹುಣ್ಣಾಗಿ ಧ್ವನಿತಂತುಗಳು ಚಲಿಸದಾಗಿ ಉಸಿರಾಟಕ್ಕೇ ತೊಂದರೆಯಾದ ಪ್ರಸಂಗಗಳೂ ಇವೆ.

ದೊಡ್ಡ ತೊಂದರೆಗಳು ಕಣ್ಣಿಗೆ ಕಾಣುವುದಿಲ್ಲ. ಅನ್ನನಾಳ ಮತ್ತು ಜಠರ ಸೇರುವಲ್ಲಿ ಸ್ನಾಯುವಿನ ಬಾಗಿಲೊಂದಿದೆ. ಕೊಳವೆ ಆ ಬಾಗಿಲಿಗೆ ಅಡ್ಡ ನಿಂತ ಕಡ್ಡಿಯಂತೆ. ಬಾಗಿಲು ಪೂರ್ತಿ ಮುಚ್ಚದ ಕಾರಣ ಆಮ್ಲ ಮೇಲಕ್ಕೆ ಬರುತ್ತದೆ. ಅದು ಉಸಿರುನಾಳಕ್ಕೆ ಜಿನುಗಿದರೆ ನ್ಯುಮೋನಿಯಾ. ಜೊತೆಗೆ ಗಂಟಲಲ್ಲಿ ಕೊಳವೆಯಿರುವ ರೋಗಿ ಜೋರಾಗಿ ಕೆಮ್ಮಲು ಹೆದರುತ್ತಾನೆ. ಕೆಮ್ಮದಿದ್ದರೆ ಕಫ ಉಳಿದು ಶ್ವಾಸಕೋಶದ ತಳಭಾಗ ಮುದುಡುತ್ತದೆ.

ಇನ್ನೊಂದು ತೊಂದರೆ ರಸಾಯನಶಾಸ್ತ್ರಕ್ಕೆ ಸೇರಿದ್ದು. ಚೀಲಕ್ಕೆ ಹರಿದುಹೋಗುವುದು ಬರೀ ನೀರಲ್ಲ. ಜಠರರಸದ ಹೈಡ್ರೋಕ್ಲೋರಿಕ್ ಆಮ್ಲ, ಲವಣಗಳು ಎಲ್ಲ ಅದರಲ್ಲಿವೆ. ಆಮ್ಲ ಕಳೆದುಕೊಂಡ ರಕ್ತ ಕ್ಷಾರದ ಕಡೆ ವಾಲುತ್ತದೆ. ಅದನ್ನು ಸರಿದೂಗಿಸುವ ಯತ್ನದಲ್ಲಿ ಮೂತ್ರಪಿಂಡಗಳು ಪೊಟ್ಯಾಸಿಯಂ ಹೊರಹಾಕುತ್ತವೆ. ಪೊಟ್ಯಾಸಿಯಂ ಇಳಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ತಪ್ಪುತ್ತದೆ, ಕರುಳಿನ ಚಲನೆ ಇನ್ನಷ್ಟು ಕುಂದುತ್ತದೆ. ಕರುಳು ಏಳಲೆಂದು ಕಾಯುತ್ತ ಇಟ್ಟ ಕೊಳವೆಯೇ ಕರುಳನ್ನು ಮಲಗಿಸಿಬಿಡಬಹುದು! ಆದ್ದರಿಂದಲೇ ಚೀಲದಲ್ಲಿ ಎಷ್ಟು ಬಂತೆಂದು ಸಿಸ್ಟರ್ ಬರೆದಿಡುವುದು, ಅದಕ್ಕೆ ತಕ್ಕಂತೆ ಡ್ರಿಪ್ಪಿನಲ್ಲಿ ಲವಣ, ಪೊಟ್ಯಾಸಿಯಂ ಸೇರಿಸುವುದು.

ಬಾಯಾರಿದ ಮಗುವಿನ ಸಂಕಟ ನೋಡಲಾರದೆ ‘ಒಂದೇ ಗುಟುಕು’ ಎಂದು ಕದ್ದು ನೀರು ಕೊಡುವ ತಾಯಂದಿರಿದ್ದಾರೆ. ಗುಟುಕು ಮೇಲೆ ಗುಟುಕು ಕುಡಿದ ಬರೀ ನೀರು ಜಠರದ ಲವಣಗಳನ್ನು ತೊಳೆದುಕೊಂಡು ಕೊಳವೆಯ ಮೂಲಕವೇ ಹೊರಬೀಳುತ್ತದೆ. ದಾಹ ತೀರುವುದಿಲ್ಲ, ಲವಣವೂ ಹೋಗುತ್ತದೆ. ಅದರ ಬದಲು ಬಾಯಿ ಮುಕ್ಕಳಿಸಿ ಉಗುಳಿಸುವುದು, ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸುವುದು ಒಳ್ಳೆಯದು.

ಹತ್ತಡಿ ಕೊಳವೆಯ ಕಥೆ

ಜಠರದವರೆಗೆ ಹೋದರೆ ಸಾಲದು, ಕರುಳಿನೊಳಕ್ಕೇ ಇಳಿಯಬೇಕು ಎಂದು ಬಯಸಿದವರೂ ಇದ್ದರು. 1934ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಮತ್ತು ಆಬಟ್ ಎಂಬ ವೈದ್ಯರು ಸುಮಾರು ಹತ್ತಡಿ ಉದ್ದದ, ಎರಡು ನಾಳಗಳ ಕೊಳವೆ ತಯಾರಿಸಿದರು. ಅದರ ತುದಿಯಲ್ಲಿ ಸಣ್ಣ ಬಲೂನು. ಬಲೂನನ್ನು ತಿಂದ ತುತ್ತೆಂದು ಭಾವಿಸಿ ಕರುಳು ಮುಂದೆ ಮುಂದೆ ದೂಡುತ್ತ ಹೋಗುತ್ತಿತ್ತು. 1946ರಲ್ಲಿ ಬಂದ ಕ್ಯಾಂಟರ್ ಕೊಳವೆಯ ತುದಿಯಲ್ಲಿ ಪಾದರಸ ತುಂಬಿದ ಚೀಲವಿತ್ತು. ಪಾದರಸದ ಭಾರವೇ ಕೊಳವೆಯನ್ನು ಕೆಳಕ್ಕೆ ಎಳೆಯುತ್ತಿತ್ತು.

ಜಾಣ ಉಪಾಯವೇನೋ ಹೌದು. ಆದರೆ ಕರುಳು ಉಪಾಯಕ್ಕೆ ಪ್ರತ್ಯುಪಾಯ ಹೂಡಿತು. ಕರುಳಿನಲ್ಲಿರುವ ಅನಿಲಗಳು ತೆಳು ರಬ್ಬರಿನ ಮೂಲಕ ಮೆಲ್ಲಗೆ ಬಲೂನಿನೊಳಗೆ ಸೇರಿ, ಅದು ತಾನೇ ತಾನಾಗಿ ಉಬ್ಬಿ, ಯಾವ ಅಡ್ಡಿಯನ್ನು ನಿವಾರಿಸಲು ಹೋಗಿತ್ತೋ ಅದೇ ಅಡ್ಡಿಯಾಗಿ ಕೂತದ್ದುಂಟು. ಕೊಳವೆ ಒಳಗೇ ಗಂಟು ಬಿದ್ದದ್ದುಂಟು. ಚೀಲ ಹರಿದು ಪಾದರಸ ಚೆಲ್ಲಿದ್ದೂ ಉಂಟು. ಕರುಳಿನಲ್ಲಿ ಬಿದ್ದ ಪಾದರಸ ಹೆಚ್ಚಾಗಿ ಹೀರಲ್ಪಡದೆ ಹೊರಹೋಗುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಮಾತ್ರ ಗಂಭೀರ.

ಎಲ್ಲಕ್ಕಿಂತ ವಿಚಿತ್ರವಾದದ್ದು ಕೊಳವೆಯನ್ನು ಹೊರತೆಗೆಯುವಾಗ ಆಗುವ ತೊಂದರೆ. ಉದ್ದನೆಯ ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆಗಟ್ಟುವಂತೆ, ಮೀಟರುಗಟ್ಟಲೆ ಕರುಳು ಕೊಳವೆಯ ಮೇಲೆ ನೆರಿಗೆಯಾಗಿ ಕೂತಿರುತ್ತದೆ. ಆತುರದಲ್ಲಿ ಎಳೆದರೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ದೂರದರ್ಶಕದ ನಳಿಕೆಯಂತೆ ಸೇರಿಕೊಂಡುಬಿಡಬಹುದು. ಹೀಗಾದರೆ ಮತ್ತೆ ಶಸ್ತ್ರಚಿಕಿತ್ಸೆಯೇ ಗತಿ. ಅದಕ್ಕೇ ಇಂಥ ಕೊಳವೆಯನ್ನು ಕೆಲವೇ ಅಂಗುಲದಂತೆ, ಬಿಡುವು ಕೊಟ್ಟು ಕೊಟ್ಟು ಹೊರತೆಗೆಯುವ ಪದ್ಧತಿ ಬಂತು. ಪಾದರಸದ ಕೊಳವೆಗಳು ಮೂಲೆಗೆ ಸರಿದಿವೆ. ಉದ್ದ ಕೊಳವೆಗಳು ಇಂದು ಆಯ್ದ ಕೆಲವರಿಗೆ ಮಾತ್ರ.

ಎಣಿಸಿ ನೋಡಿದಾಗ

ಇಷ್ಟೆಲ್ಲ ತೊಂದರೆಯಿದ್ದರೂ ಎಲ್ಲರಿಗೂ ಕೊಳವೆ ಬೇಕೇ? ‘ನಮ್ಮ ಗುರುಗಳು ಹಾಕುತ್ತಿದ್ದರು, ನಾವೂ ಹಾಕುತ್ತೇವೆ’ ಎಂಬ ಉತ್ತರ ಬಹುಕಾಲ ನಡೆಯಿತು. ಕೆಲವರು ಮಾತ್ರ ಎಣಿಸಿ ನೋಡುವ ದಾರಿ ಹಿಡಿದರು. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯಂತೆ ಕೊಳವೆ, ಇನ್ನೊಂದಕ್ಕೆ ಅಗತ್ಯ ಬಿದ್ದರೆ ಮಾತ್ರ.

ಇಂಥ 26 ಅಧ್ಯಯನಗಳ 3,964 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ಅಮೆರಿಕದ ಮೈಕೆಲ್ ಚೀತಮ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ಕೊಳವೆಯಿಲ್ಲದೆ ನಡೆದವರಲ್ಲಿ ಜ್ವರ, ನ್ಯುಮೋನಿಯಾ, ಶ್ವಾಸಕೋಶ ಮುದುಡುವಿಕೆ ಕಡಿಮೆ ಇದ್ದವು. ಅವರು ಬೇಗ ಊಟಕ್ಕೂ ಹತ್ತಿದರು. ಹೊಟ್ಟೆಯುಬ್ಬರ, ವಾಂತಿ ಮಾತ್ರ ಅವರಲ್ಲಿ ತುಸು ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ನಿಜವಾಗಿ ಕೊಳವೆ ಬೇಕಾಗುವ ಒಬ್ಬೊಬ್ಬ ರೋಗಿಗೂ, ಅದರ ಅಗತ್ಯವೇ ಇಲ್ಲದವರು ಕನಿಷ್ಠ 20 ಮಂದಿ ಇರುತ್ತಾರೆಂದು ಲೆಕ್ಕ ಹೇಳಿತು. 2007ರ ವೇಳೆಗೆ 33 ಅಧ್ಯಯನಗಳ 5,240 ರೋಗಿಗಳನ್ನು ಒಳಗೊಂಡ ಕಾಕ್ರೇನ್ ಸಮೀಕ್ಷೆಯೂ ಅದೇ ಮಾತು ಹೇಳಿತು: ವಾಡಿಕೆಯ ಕೊಳವೆಯಿಂದ ಕರುಳು ಬೇಗ ಏಳುವುದಿಲ್ಲ. ಬದಲಿಗೆ ಕೊಳವೆಯಿಲ್ಲದವರ ಕರುಳೇ ಮೊದಲು ಎದ್ದಿತು.

ಇದೇ ಕಾಲದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಇನ್ನೂ ಮುಂದೆ ಹೋದರು. ಬೆನ್ನಿನ ಮೂಲಕ ನೋವು ನಿವಾರಕ ಕೊಟ್ಟು ಮಾರ್ಫಿನ್ ತಗ್ಗಿಸುವುದು, ಕೊಳವೆಗಳನ್ನು ಬಿಡುವುದು, ಬೇಗ ಎಬ್ಬಿಸಿ ನಡೆಸುವುದು, ಬೇಗ ಉಣಿಸುವುದು ಇವೆಲ್ಲವನ್ನೂ ಒಂದು ಕ್ರಮವಾಗಿ ಹೆಣೆದರು. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಹಲವರು ಎರಡು ಮೂರು ದಿನಗಳಲ್ಲೇ ಮನೆಗೆ ಹೊರಟರು. 2002ರಲ್ಲಿ ಜಪಾನಿನ ವೈದ್ಯರು ಚೂಯಿಂಗ್ ಗಮ್ ಅಗಿಸಿ ನೋಡಿದರು. ಊಟ ಬಂತೆಂದು ಮೋಸಹೋದ ಕರುಳು ತುಸು ಬೇಗ ಎಚ್ಚರಗೊಂಡಿತು. ಬೇಗ ಉಣಿಸುವ ಕಡೆಗಳಲ್ಲಿ ಈ ಲಾಭ ಅಷ್ಟೇನೂ ದೊಡ್ಡದಲ್ಲ ಎಂದು ಮುಂದಿನ ಅಧ್ಯಯನಗಳು ಹೇಳಿದವು.

ಹಾಗೆಂದು ಕೊಳವೆಯೇ ಬೇಡ ಎಂದಲ್ಲ. ಕರುಳು ಕಟ್ಟಿಕೊಂಡಾಗ, ಹೊಟ್ಟೆಯ ತುಂಬ ಕೀವಿದ್ದು ಕರುಳು ಪೂರ್ತಿ ಸ್ತಬ್ಧವಾದಾಗ, ವಾಂತಿ ನಿಲ್ಲದಿರುವಾಗ ಅದು ಇಂದಿಗೂ ಜೀವರಕ್ಷಕ. ಮೊದಲು ಕಂಡ ಹುಡುಗನಿಗೆ ಅದು ಬೇಕಿತ್ತು. ಮುಂಚೆಯೇ ದಿನ ಗೊತ್ತುಮಾಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪಕ್ಕದ ಮಂಚದವರಿಗೆ ಬೇಕಿಲ್ಲದಿರಬಹುದು. ಯಾರಿಗೆ, ಎಷ್ಟು ದಿನ ಎಂಬುದನ್ನು ವೈದ್ಯರು ದಿನದಿನವೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.

ಊಟ ಕೊಡುವ ಕೊಳವೆ

ಹೊರತೆಗೆಯುವ ಕೊಳವೆಯಂತೆ ಒಳಗೆ ಕೊಡುವ ಕೊಳವೆಯೂ ಉಂಟು. ಬಾಯಿಂದ ಉಣ್ಣಲಾಗದವರಿಗೆ ಮೂಗಿನ ಮೂಲಕವೋ, ಹೊಟ್ಟೆಯ ಗೋಡೆಯಲ್ಲಿ ಸಣ್ಣ ದಾರಿ ಮಾಡಿ ನೇರವಾಗಿ ಸಣ್ಣ ಕರುಳಿಗೋ ಇದನ್ನು ಇಳಿಸುತ್ತಾರೆ.

ಇಲ್ಲಿನ ಮೊದಲ ಅಪಾಯ, ಮೂಗಿನ ಕೊಳವೆ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುವುದು. ಸಿರಿಂಜಿನಿಂದ ಗಾಳಿ ಊದಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವ ಹಳೆಯ ಪರೀಕ್ಷೆಯನ್ನು ನಂಬಬಾರದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಯ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲಿ ಎಚ್ಚರಿಸಿತು. ಏಕೆಂದರೆ ಕೊಳವೆ ಎದೆಯಲ್ಲಿದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸಬಲ್ಲದು. ಹೊರತೆಗೆದ ರಸದ ಆಮ್ಲೀಯತೆಯನ್ನು ಕಾಗದದ ಪಟ್ಟಿಯಿಂದ ನೋಡುವುದು, ಅನುಮಾನವಿದ್ದರೆ ಎಕ್ಸ್-ರೇ ತೆಗೆಸುವುದು ಸರಿಯಾದ ದಾರಿ.

ಹೊಟ್ಟೆಯ ಗೋಡೆಯ ಕೊಳವೆಗೂ ತನ್ನದೇ ತಾಪತ್ರಯಗಳಿವೆ. ಸುತ್ತಲಿನ ಚರ್ಮ ಕೆಂಪಾಗಿ ಸೋಂಕು ತಗಲುವುದು, ರಸ ಸೋರುವುದು, ಕೊಳವೆ ಕಳಚಿಬರುವುದು ಸಾಮಾನ್ಯ. ಒಳಗೆ ಕರುಳು ಗೋಡೆಗೆ ಅಂಟಿದ ಜಾಗದ ಸುತ್ತ ತಿರುಚಿಕೊಳ್ಳುವುದು ಅಪರೂಪವಾದರೂ ಗಂಭೀರ. ಬಲೂನಿರುವ ಕೊಳವೆಯನ್ನು ಸಣ್ಣ ಕರುಳಿನಲ್ಲಿ ಹೆಚ್ಚು ಉಬ್ಬಿಸಿದರೆ ಅದೇ ದಾರಿಗೆ ಬಿರಡೆಯಾಗುತ್ತದೆ. ಆಹಾರದ ಕೊಳವೆಯನ್ನು ತಪ್ಪಿ ರಕ್ತನಾಳದ ಡ್ರಿಪ್ಪಿಗೆ ಜೋಡಿಸಿ ಪ್ರಾಣ ಹೋದ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ಅದಕ್ಕಾಗಿಯೇ ಒಂದಕ್ಕೊಂದು ಹೊಂದಿಕೊಳ್ಳದಂಥ ಬೇರೆ ಆಕಾರದ ಜೋಡಣೆಗಳಿಗೆ 2016ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂತು.

ಬಹಳ ದಿನ ಉಪವಾಸವಿದ್ದು ಸೊರಗಿದವರಿಗೆ ‘ಬೇಗ ಶಕ್ತಿ ಬರಲಿ’ ಎಂದು ಒಮ್ಮೆಲೇ ತುಂಬ ಆಹಾರ ಕೊಡುವುದೂ ತಪ್ಪು. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂಗಳು ಹಠಾತ್ತನೆ ಕುಸಿದು ಹೃದಯಕ್ಕೆ ಧಕ್ಕೆಯಾಗಬಹುದು. ಎರಡನೇ ಮಹಾಯುದ್ಧದ ಬಳಿಕ ಹಸಿದು ಕಂಗಾಲಾಗಿದ್ದ ಕೈದಿಗಳಿಗೆ ಉಣಿಸಿದಾಗ ವೈದ್ಯರು ಈ ಪಾಠ ಕಲಿತರು.

ಮನೆಯವರು ತಿಳಿದಿರಬೇಕಾದದ್ದು

ಕೊಳವೆ ಎಷ್ಟೇ ಹಿಂಸೆಯೆನಿಸಿದರೂ ರೋಗಿಯಾಗಲಿ ಮನೆಯವರಾಗಲಿ ಅದನ್ನು ಕೀಳಬಾರದು. ಅನ್ನನಾಳ ಅಥವಾ ಜಠರದಲ್ಲಿ ಹೊಲಿಗೆ ಹಾಕಿದ್ದರೆ ಕೊಳವೆ ಆ ಹೊಲಿಗೆಯ ಮೂಲಕವೇ ಹಾದಿರುತ್ತದೆ. ಅದು ಹೊರಬಂದಾಗ ಯಾರಾದರೂ ಕಣ್ಣು ಮುಚ್ಚಿ ಮತ್ತೆ ತೂರಿಸಿದರೆ ಹೊಲಿಗೆ ಹರಿಯುವ ಅಪಾಯವಿದೆ. ಕಳಚಿದರೆ ಕೂಡಲೇ ಸಿಸ್ಟರಿಗೆ ತಿಳಿಸಬೇಕು, ಶಸ್ತ್ರವೈದ್ಯರೇ ತೀರ್ಮಾನಿಸಬೇಕು. ಪ್ರಜ್ಞೆ ಮಸುಕಾಗಿರುವ ರೋಗಿಯ ಕೈಯ ಮೇಲೆ ಒಂದು ಕಣ್ಣಿರಲಿ.

ಕೆಲವು ಕೊಳವೆಗಳಿಗೆ ಗಾಳಿಯಾಡಲು ಎರಡನೆಯ ಸಣ್ಣ ಬಾಯಿ ಇರುತ್ತದೆ. ಅದರಿಂದ ನೀರು ಜಿನುಗಿತೆಂದು ಗಂಟು ಹಾಕುವವರಿದ್ದಾರೆ. ಹಾಗೆ ಮಾಡಿದರೆ ಕೊಳವೆ ಜಠರದ ಗೋಡೆಯನ್ನೇ ಹೀರಿ ಹಿಡಿದು ಹುಣ್ಣು ಮಾಡುತ್ತದೆ. ಆ ಬಾಯಿ ತೆರೆದೇ, ಹೊಟ್ಟೆಗಿಂತ ಎತ್ತರದಲ್ಲೇ ಇರಬೇಕು.

ಆಹಾರದ ಕೊಳವೆಯೊಂದಿಗೆ ಮನೆಗೆ ಬಂದವರಿಗೆ ಉಣಿಸುವ ಜವಾಬ್ದಾರಿ ಬಹುಪಾಲು ತಾಯಿಯದೋ, ಕೆಲವೊಮ್ಮೆ ಶಾಲೆಗೆ ಹೋಗುವ ಅಕ್ಕನದೋ ಆಗಿರುತ್ತದೆ. ರೋಗಿಯನ್ನು ಚಪ್ಪಟೆ ಮಲಗಿಸಿ ಕೊಡಬಾರದು. ತಲೆ, ಎದೆ ಎತ್ತರವಾಗುವಂತೆ ದಿಂಬು ಕೊಟ್ಟು ಕೂರಿಸಿ, ಉಣಿಸಿದ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಾಗೆಯೇ ಇರಿಸಬೇಕು. ಕೊಡುವ ಮುಂಚೆ ಮೂಗಿನ ಬಳಿಯ ಗುರುತು ಸರಿದಿದೆಯೇ ನೋಡಬೇಕು. ದಪ್ಪ ರಾಗಿ ಗಂಜಿ, ಸರಿಯಾಗಿ ಸೋಸದ ಬೇಳೆ ಕಟ್ಟು ಕೊಳವೆಯನ್ನು ಕಟ್ಟಿಸುತ್ತವೆ. ಪ್ರತಿ ಸಲ ಮುಂಚೆ ಮತ್ತು ನಂತರ ಸ್ವಲ್ಪ ಶುದ್ಧ ನೀರು ಹಾಯಿಸಿದರೆ ಕೊಳವೆ ಬಹುದಿನ ಬಾಳುತ್ತದೆ. ಎಲ್ಲ ಮಾತ್ರೆಗಳನ್ನೂ ಪುಡಿಮಾಡಿ ಹಾಕುವಂತಿಲ್ಲ. ಕರುಳಿನಲ್ಲೇ ಕರಗಲೆಂದು ಮೇಲುಹೊದಿಕೆ ಹಾಕಿದ ಮಾತ್ರೆಗಳೂ, ನಿಧಾನವಾಗಿ ಕರಗುವ ಮಾತ್ರೆಗಳೂ ಇರುವುದರಿಂದ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಕಟ್ಟಿಕೊಂಡ ಕೊಳವೆಗೆ ತಂತಿ ತೂರಿಸುವುದಂತೂ ಸಲ್ಲದು.

ಉಣಿಸುವಾಗ ಕೆಮ್ಮು, ಏದುಸಿರು, ತುಟಿ ನೀಲಿಗಟ್ಟುವುದು ಕಂಡರೆ ತಕ್ಷಣ ನಿಲ್ಲಿಸಬೇಕು. ಹೊಟ್ಟೆ ಕಲ್ಲಿನಂತಾಗಿ ಉಬ್ಬುವುದು, ಹಸಿರು ವಾಂತಿ, ಜ್ವರ, ಕೊಳವೆಯಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಕೇಳಬೇಕಾದ ಪ್ರಶ್ನೆಗಳೂ ಇವೆ. ‘ಡಾಕ್ಟ್ರೇ, ಈ ಕೊಳವೆ ಯಾಕೆ ಹಾಕಿದ್ದೀರಿ? ಇವತ್ತೂ ಬೇಕೇ? ಯಾವಾಗ ತೆಗೆಯಬಹುದು?’ ಹೀಗೆ ಕೇಳಿದರೆ ವೈದ್ಯರಿಗೆ ಅವಮಾನವಾಗುವುದಿಲ್ಲ. ನಾಲ್ಕು ಸಾವಿರ ರೋಗಿಗಳ ಲೆಕ್ಕ ಹಾಕಿದ ವೈದ್ಯರೂ ಕೇಳಿಕೊಂಡದ್ದು ಇದೇ ಪ್ರಶ್ನೆಯನ್ನು. ಇತ್ತ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು, ಆಸರೆ ಕೊಟ್ಟು ನಾಲ್ಕು ಹೆಜ್ಜೆ ನಡೆಸುವುದು, ಹೊಟ್ಟೆಗೆ ದಿಂಬು ಒತ್ತಿಹಿಡಿದು ಕೆಮ್ಮಿಸುವುದು ವೈದ್ಯರ ಅನುಮತಿ ಪಡೆದು ಮನೆಯವರೇ ಮಾಡಬಹುದಾದ ದೊಡ್ಡ ಉಪಕಾರ.

ಮೂರನೆಯ ದಿನ ಬೆಳಗಿನ ಜಾವ ಹುಡುಗ ತಾಯಿಯನ್ನು ಎಬ್ಬಿಸುತ್ತಾನೆ. ಹೇಳಲು ನಾಚಿಕೆ, ಹೇಳದಿರಲು ಆತುರ. ‘ಅಮ್ಮಾ, ಹೋಯ್ತು.’ ಪಕ್ಕದ ಮಂಚದ ಅಜ್ಜಿ ಕೂಡ ನಕ್ಕು ‘ದೇವರು ದೊಡ್ಡವನು’ ಎನ್ನುತ್ತಾಳೆ. ಚೀಲದಲ್ಲಿ ಹಸಿರು ನೀರು ಕಡಿಮೆಯಾಗಿದೆ, ಹೊಟ್ಟೆ ಮೆತ್ತಗಿದೆ. ರೌಂಡ್ಸಿಗೆ ಬಂದ ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಕೇಳಿ, ತಲೆಯಾಡಿಸಿ, ಪ್ಲಾಸ್ಟರ್ ಬಿಡಿಸಲು ಸಿಸ್ಟರಿಗೆ ಹೇಳುತ್ತಾರೆ. ಎರಡು ಕ್ಷಣದ ಕೆಲಸ. ಕೊಳವೆ ಹೊರಬಂದ ಮೇಲೆ ಹುಡುಗ ಮೊದಲು ಕೇಳುವುದು ಒಂದು ಚಮಚ ನೀರು, ಆಮೇಲೆ ತನ್ನ ಫಿಸಿಕ್ಸ್ ಪುಸ್ತಕ.